ಚಾಮುಂಡೇಶ್ವರಿ, ವರುಣಾ ಮತ್ತು ಮತ್ತೆ ಎಳೆಯಲಿರುವ ಗೆರೆಗಳು

2006ರ ಡಿಸೆಂಬರ್‌ನಲ್ಲಿ ಮೈಸೂರಿನ ಚಾಮುಂಡೇಶ್ವರಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯ ಎಣಿಕೆ ಮುಗಿದಾಗ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 257 ಮತ. ಜೆಡಿಎಸ್‌ನಿಂದ ಹೊರಬಂದು ಕಾಂಗ್ರೆಸ್ ಸೇರಿದ್ದ ಸಿದ್ದರಾಮಯ್ಯ ಒಂದು ಕಡೆ. ಆಗ ಬಿಜೆಪಿಯೊಂದಿಗೆ ಸರ್ಕಾರ ನಡೆಸುತ್ತಿದ್ದ ಜೆಡಿಎಸ್‌ನ ಶಿವಬಸಪ್ಪ ಇನ್ನೊಂದು ಕಡೆ. ಮುಖ್ಯಮಂತ್ರಿ ಕುಮಾರಸ್ವಾಮಿ, ಅವರ ತಂದೆ ದೇವೇಗೌಡರು, ಆಡಳಿತ ಪಕ್ಷದ ಇಡೀ ಬಲ ಆ ಒಂದು ಕ್ಷೇತ್ರಕ್ಕೆ ಇಳಿದಿತ್ತು. ಆದರೂ ಗೆದ್ದದ್ದು ಸಿದ್ದರಾಮಯ್ಯ. ಒಂದು ಸಣ್ಣ ಊರಿನ ಮತಗಟ್ಟೆಯಲ್ಲಿ ಇರುವಷ್ಟೂ ಇಲ್ಲದ ಮತಗಳು ರಾಜ್ಯ ರಾಜಕಾರಣದ ಮುಂದಿನ ಎರಡು ದಶಕಗಳ ದಿಕ್ಕನ್ನು ನಿರ್ಧರಿಸಿದವು ಎಂದರೆ ಅತಿಶಯೋಕ್ತಿಯಲ್ಲ.

ಹನ್ನೆರಡು ವರ್ಷಗಳ ನಂತರ, 2018ರಲ್ಲಿ, ಅದೇ ಚಾಮುಂಡೇಶ್ವರಿಯಲ್ಲಿ ಅದೇ ಸಿದ್ದರಾಮಯ್ಯ, ಈ ಬಾರಿ ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯಾಗಿ ನಿಂತು, ಜೆಡಿಎಸ್‌ನ ಜಿ.ಟಿ. ದೇವೇಗೌಡರ ಎದುರು 36,042 ಮತಗಳಿಂದ ಸೋತರು. ಟಿವಿ ಚರ್ಚೆಗಳಲ್ಲಿ ‘ತವರು ಕ್ಷೇತ್ರವೇ ಕೈಬಿಟ್ಟಿತು’ ಎಂಬ ಮಾತು ದಿನವಿಡೀ ಕೇಳಿಬಂತು. ಆ ಮಾತು ತಪ್ಪು. 2006ರಲ್ಲಿ ಅವರನ್ನು ಉಳಿಸಿದ ಚಾಮುಂಡೇಶ್ವರಿ ಮತ್ತು 2018ರಲ್ಲಿ ಅವರನ್ನು ಸೋಲಿಸಿದ ಚಾಮುಂಡೇಶ್ವರಿ ಒಂದೇ ಕ್ಷೇತ್ರವಲ್ಲ. ಹೆಸರು ಮಾತ್ರ ಒಂದು. ನಡುವೆ 2008ರ ಕ್ಷೇತ್ರ ಮರುವಿಂಗಡಣೆ, ಅಂದರೆ ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳ ಗಡಿಗಳನ್ನು ಮತ್ತೆ ಎಳೆಯುವ ಕೆಲಸ, ಬಂದುಹೋಗಿತ್ತು. ಅವರ ಹುಟ್ಟೂರು ಸಿದ್ದರಾಮನಹುಂಡಿಯೇ ಆಗ ಚಾಮುಂಡೇಶ್ವರಿಯಿಂದ ಹೊರಬಿದ್ದು, ಹೊಸದಾಗಿ ರೂಪುಗೊಂಡ ವರುಣಾ ಕ್ಷೇತ್ರಕ್ಕೆ ಸೇರಿತ್ತು.

2026ರ ನಂತರ ನಡೆಯುವ ಮೊದಲ ಜನಗಣತಿಯ ಆಧಾರದ ಮೇಲೆ ಮತ್ತೆ ಕ್ಷೇತ್ರಗಳನ್ನು ವಿಂಗಡಿಸಬೇಕು ಎಂದು ಸಂವಿಧಾನದ 84ನೇ ತಿದ್ದುಪಡಿ ಹೇಳಿತು. 2025ರ ಜೂನ್‌ನಲ್ಲಿ ಹೊರಬಂದ ಅಧಿಸೂಚನೆಯ ಪ್ರಕಾರ ಆ ಜನಗಣತಿಯ ಎಣಿಕೆಗೆ ಆಧಾರವಾಗುವ ದಿನ 2027ರ ಮಾರ್ಚ್ 1. ಇಲ್ಲಿಯವರೆಗೆ ಕರ್ನಾಟಕದಲ್ಲಿ ಈ ಕುರಿತು ನಡೆದ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದೆ: ಲೋಕಸಭೆಯಲ್ಲಿ ದಕ್ಷಿಣಕ್ಕೆ ಎಷ್ಟು ಸ್ಥಾನ, ಉತ್ತರಕ್ಕೆ ಎಷ್ಟು? ಆ ಪ್ರಶ್ನೆ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ರಾಜ್ಯದೊಳಗೆ ಎಳೆಯುವ ಗೆರೆ ಮತದಾರರ ಬದುಕನ್ನು ಇನ್ನೂ ಹತ್ತಿರದಿಂದ ಮುಟ್ಟುತ್ತದೆ. ನಮ್ಮ ಹೋಬಳಿ ಯಾವ ಕ್ಷೇತ್ರಕ್ಕೆ, ನಮ್ಮ ಕ್ಷೇತ್ರ ಮೀಸಲೋ ಸಾಮಾನ್ಯವೋ, ರಸ್ತೆ ಕೆಟ್ಟಾಗ ಯಾರ ಮನೆ ಬಾಗಿಲಿಗೆ ಹೋಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಈ ಗೆರೆ. ಚಾಮುಂಡೇಶ್ವರಿ ಮತ್ತು ವರುಣಾ ಕ್ಷೇತ್ರಗಳ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುವುದರಿಂದ ಅವನ್ನೇ ಆರಿಸಿಕೊಂಡಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1952ರಲ್ಲಿ ಹಳೆಯ ಮೈಸೂರು ರಾಜ್ಯದ ವಿಧಾನಸಭೆಗೆ 99 ಸ್ಥಾನಗಳಿದ್ದವು. ಕೆಲವು ಕ್ಷೇತ್ರಗಳಿಂದ ಇಬ್ಬರು ಸದಸ್ಯರು ಆಯ್ಕೆಯಾಗುತ್ತಿದ್ದರು. 1961ರ ಕಾಯ್ದೆ ಆ ಪದ್ಧತಿಯನ್ನು ತೆಗೆದುಹಾಕಿತು. ಏಕೀಕರಣದ ನಂತರ 1957ರಲ್ಲಿ ಸ್ಥಾನಗಳು 208 ಆದವು, 1967ರಲ್ಲಿ 216, 1978ರಲ್ಲಿ 224. ಅಲ್ಲಿಂದ ಆ ಸಂಖ್ಯೆ ಕದಲಿಲ್ಲ. ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ಅದರಿಂದ ನಷ್ಟವಾಗಬಾರದು ಎಂಬುದು ಅದರ ಹಿಂದಿನ ವಾದ. ಸಂಖ್ಯೆಯ ಜೊತೆಗೆ ಗೆರೆಗಳೂ ನಿಂತವು. 1978ರಲ್ಲಿ ಮತ ಹಾಕಿದ ನಕ್ಷೆಯಲ್ಲೇ 2004ರಲ್ಲೂ ಮತ ಹಾಕಿದೆವು.

ಆ ಮೂರು ದಶಕಗಳಲ್ಲಿ ಚಾಮುಂಡೇಶ್ವರಿಗೆ ಏನಾಯಿತು ಎಂಬುದು ಗಮನಿಸಬೇಕಾದ ಸಂಗತಿ. ಮೈಸೂರು ನಗರದ ಒಳಗೆ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಎಂಬ ಮೂರು ಕ್ಷೇತ್ರಗಳಿದ್ದವು, ಈಗಲೂ ಇವೆ. ಅವುಗಳ ಹೊರಗೆ ಮೈಸೂರು ತಾಲ್ಲೂಕಿನ ಹಳ್ಳಿಗಳು ಚಾಮುಂಡೇಶ್ವರಿಗೆ ಸೇರಿದ್ದವು. ಅದು ರಾಗಿ, ಹುರುಳಿ, ರೇಷ್ಮೆ ಬೆಳೆಯುವ ಗ್ರಾಮೀಣ ಕ್ಷೇತ್ರವಾಗಿತ್ತು. ನಗರ ಬೆಳೆದದ್ದು ಹೊರಮುಖವಾಗಿ, ಅಂದರೆ ಚಾಮುಂಡೇಶ್ವರಿಯ ಹೊಲಗಳ ಮೇಲೆ. ಬಡಾವಣೆಗಳು, ಕೈಗಾರಿಕಾ ಪ್ರದೇಶ, ವರ್ತುಲ ರಸ್ತೆ ಎಲ್ಲವೂ ಇದರ ಒಡಲಿಗೇ ಬಂದವು. ಶಾಸಕರೊಬ್ಬರು ಬೆಳಿಗ್ಗೆ ನಾಲೆಗೆ ನೀರು ಬಿಡಿಸುವ ಅರ್ಜಿಯನ್ನೂ ಮಧ್ಯಾಹ್ನ ಬಡಾವಣೆಯ ಒಳಚರಂಡಿಯ ಅರ್ಜಿಯನ್ನೂ ನೋಡಬೇಕಾದ ಸ್ಥಿತಿ ಅಲ್ಲಿ ಹುಟ್ಟಿದ್ದು ಹೀಗೆ.

1983ರಲ್ಲಿ ಇಲ್ಲಿಂದ ಭಾರತೀಯ ಲೋಕದಳದ ಟಿಕೆಟ್‌ನಲ್ಲಿ ಗೆದ್ದ ಯುವ ವಕೀಲ ಸಿದ್ದರಾಮಯ್ಯ ಮೊದಲ ಬಾರಿಗೆ ವಿಧಾನಸಭೆ ಪ್ರವೇಶಿಸಿದರು. ರಾಮಕೃಷ್ಣ ಹೆಗಡೆ ಸರ್ಕಾರ ಕನ್ನಡ ಕಾವಲು ಸಮಿತಿಯನ್ನು ರಚಿಸಿದಾಗ ಅದರ ಮೊದಲ ಅಧ್ಯಕ್ಷರಾದವರು ಅವರೇ. 1985ರಲ್ಲಿ ಜನತಾ ಪಕ್ಷದಿಂದ ಮತ್ತೆ ಗೆದ್ದರು. 1989ರಲ್ಲಿ ಕಾಂಗ್ರೆಸ್‌ನ ಎಂ. ರಾಜಶೇಖರಮೂರ್ತಿ ಎದುರು ಸೋತರು. 1994ರಲ್ಲಿ ಜನತಾದಳದಿಂದ ಗೆದ್ದು ಹಣಕಾಸು ಸಚಿವರಾದರು, ಆಮೇಲೆ ಜೆ.ಎಚ್. ಪಟೇಲರ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯೂ ಆದರು. ಆದರೂ 1999ರಲ್ಲಿ ಇದೇ ಕ್ಷೇತ್ರ ಅವರನ್ನು ಸೋಲಿಸಿ ಕಾಂಗ್ರೆಸ್‌ನ ಎ.ಎಸ್. ಗುರುಸ್ವಾಮಿಯವರನ್ನು ಆರಿಸಿತು. 2004ರಲ್ಲಿ ಜೆಡಿಎಸ್‌ನಿಂದ ಮತ್ತೆ ಗೆಲುವು. ಆಮೇಲೆ 2006ರ ಆ 257.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಚಾಮುಂಡೇಶ್ವರಿ ಯಾರ ಕೋಟೆಯೂ ಆಗಿರಲಿಲ್ಲ ಎಂಬುದು ಗೊತ್ತಾಗುತ್ತದೆ. 1983ರಿಂದ 2004ರವರೆಗಿನ ಆರು ಸಾರ್ವತ್ರಿಕ ಚುನಾವಣೆಗಳಲ್ಲಿ ಸಿದ್ದರಾಮಯ್ಯ ನಾಲ್ಕರಲ್ಲಿ ಗೆದ್ದು ಎರಡರಲ್ಲಿ ಸೋತರು. ಸಚಿವರಾಗಿದ್ದ ನಂತರವೂ ಸೋತರು, ಉಪಮುಖ್ಯಮಂತ್ರಿಯಾಗಿದ್ದ ನಂತರವೂ ಸೋತರು. ದೊಡ್ಡ ನಾಯಕ ಎಂಬ ಕಾರಣಕ್ಕೆ ಕಣ್ಣು ಮುಚ್ಚಿ ಮತ ಹಾಕದ ಕ್ಷೇತ್ರವಿದು. ನನಗೆ ಇದರ ಬಗ್ಗೆ ಗೌರವ ಹುಟ್ಟಿದ್ದು ಈ ಕಾರಣಕ್ಕೇ.

2002ರ ಕಾಯ್ದೆಯಡಿ ರಚನೆಯಾದ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಮರುವಿಂಗಡಣಾ ಆಯೋಗ ಇಲ್ಲಿಗೆ ಬಂದಾಗ ಅದರ ಮುಂದಿದ್ದದ್ದು ಲೆಕ್ಕದ ಪ್ರಶ್ನೆ. ರಾಜ್ಯಗಳ ನಡುವೆ ಸ್ಥಾನ ಹಂಚುವಂತಿರಲಿಲ್ಲ. 224 ಎಂಬುದು 224 ಆಗಿಯೇ ಉಳಿಯಬೇಕಿತ್ತು. 87ನೇ ತಿದ್ದುಪಡಿಯಂತೆ 2001ರ ಜನಗಣತಿಯನ್ನು ಆಧರಿಸಿ ಒಳಗಿನ ಗೆರೆಗಳನ್ನು ಮಾತ್ರ ಸರಿಪಡಿಸಬೇಕಿತ್ತು. 5.28 ಕೋಟಿ ಜನರನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ. ಬೆಂಗಳೂರು ಊದಿಕೊಂಡಿತ್ತು, ಅದಕ್ಕೆ 28 ಕ್ಷೇತ್ರಗಳನ್ನು ಕೊಡಬೇಕಾಯಿತು. ಆ ಸ್ಥಾನಗಳು ಎಲ್ಲಿಂದಲೋ ಬರಬೇಕಲ್ಲವೇ? ಬೇರೆ ಜಿಲ್ಲೆಗಳ ಕ್ಷೇತ್ರಗಳು ಮಾಯವಾದವು. ಡಿ.ಕೆ. ಶಿವಕುಮಾರ್ ಅವರನ್ನು ಬೆಳೆಸಿದ ಸಾತನೂರು ಇಲ್ಲವಾಯಿತು. ಶಿವಮೊಗ್ಗದ ಹೊಸನಗರ, ಮಂಡ್ಯದ ಕಿರುಗಾವಲು, ಉಡುಪಿಯ ಬ್ರಹ್ಮಾವರ, ದಕ್ಷಿಣ ಕನ್ನಡದ ವಿಟ್ಲ ಹೋದವು. ಚಾಮರಾಜನಗರದ ಸಂತೇಮರಹಳ್ಳಿ ಹೋಯಿತು. 2004ರಲ್ಲಿ ಆರ್. ಧ್ರುವನಾರಾಯಣ ಕೇವಲ ಒಂದು ಮತದಿಂದ, 40,751ಕ್ಕೆ ಎದುರಾಗಿ 40,752 ಪಡೆದು ಗೆದ್ದ ಕ್ಷೇತ್ರ ಅದು. ಒಂದು ಮತದ ಬೆಲೆಯನ್ನು ಇಡೀ ದೇಶಕ್ಕೆ ತೋರಿಸಿದ ಕ್ಷೇತ್ರ ನಾಲ್ಕೇ ವರ್ಷಗಳಲ್ಲಿ ನಕ್ಷೆಯಿಂದ ಅಳಿಯಿತು.

ಮೈಸೂರು ಜಿಲ್ಲೆಗೆ ಹನ್ನೊಂದು ಸ್ಥಾನಗಳು ಉಳಿದವು, ಒಳಗಿನ ಜೋಡಣೆ ಮಾತ್ರ ಬದಲಾಯಿತು. ಬನ್ನೂರು ಕ್ಷೇತ್ರ ರದ್ದಾಯಿತು. ಸಾಮಾನ್ಯ ಕ್ಷೇತ್ರವಾಗಿದ್ದ ನಂಜನಗೂಡು ಪರಿಶಿಷ್ಟ ಜಾತಿಗೆ ಮೀಸಲಾಯಿತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಹೆಗ್ಗಡದೇವನಕೋಟೆ ಪರಿಶಿಷ್ಟ ಪಂಗಡಕ್ಕೆ ಹೋಯಿತು. (ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಸ್ಥಾನಗಳು ಆಗ 2ರಿಂದ 15ಕ್ಕೆ, ಪರಿಶಿಷ್ಟ ಜಾತಿಯ ಸ್ಥಾನಗಳು 33ರಿಂದ 36ಕ್ಕೆ ಏರಿದವು. ಆ ಮರುವಿಂಗಡಣೆಯ ಅತ್ಯಂತ ದೊಡ್ಡ ನ್ಯಾಯದ ಕೆಲಸ ಇದು. ಅದರ ಬಗ್ಗೆ ನಾವು ಮಾತನಾಡಿದ್ದು ತೀರಾ ಕಡಿಮೆ.) ಮೈಸೂರು, ನಂಜನಗೂಡು, ತಿರುಮಕೂಡಲು ನರಸೀಪುರ ಈ ಮೂರು ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ 219ನೇ ಸಂಖ್ಯೆಯ ಹೊಸ ಕ್ಷೇತ್ರವೊಂದನ್ನು ಮಾಡಿದರು. ನರಸೀಪುರ ರಸ್ತೆಯಲ್ಲಿ ಮೈಸೂರಿನಿಂದ ತುಸು ದೂರದಲ್ಲಿರುವ, ದೊಡ್ಡ ಕೆರೆಯುಳ್ಳ ವರುಣಾ ಗ್ರಾಮದ ಹೆಸರನ್ನು ಅದಕ್ಕೆ ಇಟ್ಟರು.

ವರುಣಾ ಒಂದು ವಿಚಿತ್ರ ಕ್ಷೇತ್ರ. ಅದರಲ್ಲಿ ತಾಲ್ಲೂಕು ಕೇಂದ್ರವಿಲ್ಲ. ಒಂದೇ ಕ್ಷೇತ್ರದ ಮತದಾರರು ಪಹಣಿ, ಪೋಡಿ, ಪಿಂಚಣಿ ಎಂದು ಮೂರು ಬೇರೆ ಬೇರೆ ತಹಶೀಲ್ದಾರರ ಕಚೇರಿಗಳಿಗೆ ಅಲೆಯುತ್ತಾರೆ. ಶಾಸಕರ ಒಂದು ಮಾತು ಮೂರು ತಾಲ್ಲೂಕು ಆಡಳಿತಗಳಿಗೆ ತಲುಪಬೇಕು. ಅಲ್ಲಿನ ಶಾಸಕ ಮುಖ್ಯಮಂತ್ರಿಯೋ ವಿರೋಧ ಪಕ್ಷದ ನಾಯಕನೋ ಆಗಿದ್ದರೆ ಇದರ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಅಧಿಕಾರಿಗಳೇ ಓಡಿಬರುತ್ತಾರೆ. ಮೊದಲ ಬಾರಿ ಗೆದ್ದ, ಯಾರ ಬೆಂಬಲವೂ ಇಲ್ಲದ ಶಾಸಕನೊಬ್ಬ ಇಂಥ ಕ್ಷೇತ್ರದಿಂದ ಬಂದರೆ ಏನಾದೀತು? ಆಡಳಿತ ಘಟಕಗಳ ಗಡಿ, ಸಾರಿಗೆ ಸಂಪರ್ಕ, ಸಾರ್ವಜನಿಕರ ಅನುಕೂಲ ಇವುಗಳನ್ನು ಗಮನದಲ್ಲಿಟ್ಟು ಕ್ಷೇತ್ರ ರೂಪಿಸಬೇಕು ಎಂದು ಮರುವಿಂಗಡಣಾ ಕಾಯ್ದೆಯ 9ನೇ ಕಲಮು ಹೇಳುತ್ತದೆ, ನಿಜ. ಆದರೆ ಅದು ‘ಸಾಧ್ಯವಾದಷ್ಟು ಮಟ್ಟಿಗೆ’. ಜನಸಂಖ್ಯೆಯ ಸರಾಸರಿಗೂ ತಾಲ್ಲೂಕಿನ ಗಡಿಗೂ ಜಗಳ ಬಂದರೆ ಸಾಮಾನ್ಯವಾಗಿ ಗೆಲ್ಲುವುದು ಸರಾಸರಿ.

ಈ ಗೆರೆಗಳನ್ನು ಯಾರೋ ಒಬ್ಬ ನಾಯಕನಿಗಾಗಿ ಎಳೆದರು ಎಂಬ ಗುಮಾನಿ ಹಳೆ ಮೈಸೂರಿನ ಕಡೆ ಹೊಸದಲ್ಲ. ನನಗೆ ಅದರಲ್ಲಿ ಹುರುಳು ಕಾಣುವುದಿಲ್ಲ. ಪಕ್ಕದ ಕ್ಷೇತ್ರ ಮೀಸಲಾದದ್ದು, ಇನ್ನೊಂದು ರದ್ದಾದದ್ದು, ನಗರ ಉಬ್ಬಿದ್ದು ಇವು ಮೂರೂ ಸೇರಿದರೆ ವರುಣಾದಂಥ ಕ್ಷೇತ್ರ ತಾನಾಗಿಯೇ ಉಳಿದುಬಿಡುತ್ತದೆ. ಬಟ್ಟೆ ಕತ್ತರಿಸಿದ ಮೇಲೆ ಉಳಿದ ತುಂಡುಗಳನ್ನು ಜೋಡಿಸಿ ಹೊಲಿದ ಹಾಗೆ. ಉದ್ದೇಶ ಇರಲಿ, ಇಲ್ಲದಿರಲಿ, ಪರಿಣಾಮ ಮಾತ್ರ ದೊಡ್ಡದಾಗಿತ್ತು. ಲಿಂಗಾಯತರು, ದಲಿತರು, ಕುರುಬರು, ನಾಯಕ ಸಮುದಾಯದವರು ಹೆಚ್ಚಿರುವ ಹಳ್ಳಿಗಳು ವರುಣಾದಲ್ಲಿ ಒಟ್ಟಾದವು. ಇಲವಾಲ, ಜಯಪುರ ಹೋಬಳಿಗಳು ಮತ್ತು ನಗರದ ಅಂಚಿನ ಬಡಾವಣೆಗಳನ್ನು ಉಳಿಸಿಕೊಂಡ ಚಾಮುಂಡೇಶ್ವರಿಯಲ್ಲಿ ಒಕ್ಕಲಿಗರ ಮತ ಹೆಚ್ಚು ನಿರ್ಣಾಯಕವಾಯಿತು.

ಇದರ ಫಲ ನಂತರದ ನಾಲ್ಕು ಚುನಾವಣೆಗಳಲ್ಲಿ ಅಚ್ಚೊತ್ತಿದಂತೆ ಕಾಣುತ್ತದೆ. 2008ರ ಮೇ ತಿಂಗಳಲ್ಲಿ ಹೊಸ ನಕ್ಷೆಯಡಿ ಚುನಾವಣೆ ಎದುರಿಸಿದ ಮೊದಲ ರಾಜ್ಯ ಕರ್ನಾಟಕ. ಸಿದ್ದರಾಮಯ್ಯ ವರುಣಾಕ್ಕೆ ಹೋಗಿ ಬಿಜೆಪಿಯ ಎಲ್. ರೇವಣಸಿದ್ದಯ್ಯ ಅವರನ್ನು ಸೋಲಿಸಿದರು. 2013ರಲ್ಲಿ, ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕಟ್ಟಿದ್ದ ಕೆಜೆಪಿಯ ಕಾಪು ಸಿದ್ದಲಿಂಗಸ್ವಾಮಿ ಎದುರು 29,641 ಮತಗಳ ಅಂತರದಿಂದ ಗೆದ್ದು ಮುಖ್ಯಮಂತ್ರಿಯಾದರು. 2018ರಲ್ಲಿ ಮಗ, ವೈದ್ಯ ಯತೀಂದ್ರರಿಗೆ ವರುಣಾವನ್ನು ಬಿಟ್ಟುಕೊಟ್ಟರು. ಯತೀಂದ್ರ 58,616 ಮತಗಳ ಅಂತರದಿಂದ ಗೆದ್ದರು. ಬಿ.ವೈ. ವಿಜಯೇಂದ್ರ ಅವರಿಗೆ ವರುಣಾದ ಟಿಕೆಟ್ ತಪ್ಪಿದಾಗ ನಂಜನಗೂಡಿನಲ್ಲಿ ಬಿಜೆಪಿ ಕಾರ್ಯಕರ್ತರು ರೊಚ್ಚಿಗೆದ್ದದ್ದು ಅದೇ ಚುನಾವಣೆಯಲ್ಲಿ. 2023ರಲ್ಲಿ ಸಿದ್ದರಾಮಯ್ಯ ವರುಣಾಕ್ಕೆ ಮರಳಿ, ಬೆಂಗಳೂರಿನಿಂದ ಬಂದ ವಿ. ಸೋಮಣ್ಣ ಅವರನ್ನು 46,163 ಮತಗಳಿಂದ ಸೋಲಿಸಿದರು.

ಚಾಮುಂಡೇಶ್ವರಿ ಇನ್ನೊಂದು ದಾರಿ ಹಿಡಿಯಿತು. 2008ರಲ್ಲಿ ಕಾಂಗ್ರೆಸ್‌ನ ಎಂ. ಸತ್ಯನಾರಾಯಣ ಗೆದ್ದರು. 2013ರಿಂದ ಮೂರು ಬಾರಿಯೂ ಜಿ.ಟಿ. ದೇವೇಗೌಡರದೇ ಗೆಲುವು. ಅವರು ಮೂಲತಃ ಹುಣಸೂರಿನ ಶಾಸಕರಾಗಿದ್ದವರು. ಹೊಸ ಚಾಮುಂಡೇಶ್ವರಿಯ ಸ್ವಭಾವವನ್ನು ಅವರಷ್ಟು ಚೆನ್ನಾಗಿ ಓದಿದವರು ಬೇರೆ ಇಲ್ಲ ಎನ್ನಬೇಕು. 2018ರಲ್ಲಿ ಮುಖ್ಯಮಂತ್ರಿಯ ಎದುರು ಅವರಿಗೆ 1,21,325 ಮತ ಬಿದ್ದವು, ಸಿದ್ದರಾಮಯ್ಯನವರಿಗೆ 85,283. ಬಿಜೆಪಿ ಅಭ್ಯರ್ಥಿಗೆ ಬಂದದ್ದು ಹನ್ನೆರಡು ಸಾವಿರದ ಆಸುಪಾಸು ಮಾತ್ರ. ಸರ್ಕಾರದ ವಿರುದ್ಧದ ಮತಗಳು ಒಡೆಯದೆ ಒಂದೇ ಕಡೆ ಬಿದ್ದವು ಎಂಬುದು ಇದರಿಂದ ಸ್ಪಷ್ಟ. ಮತಗಳ ಧ್ರುವೀಕರಣ, ಪಕ್ಷಗಳ ಒಳತಂತ್ರ ಇವೆಲ್ಲ ಸೇರಿಯೇ ಆ ಸೋಲು ಆಯಿತು. ಗೆರೆಯೊಂದೇ ಎಲ್ಲಕ್ಕೂ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ವರುಣಾ ಹೋಬಳಿ ಹಳೆಯ ಹಾಗೆ ಚಾಮುಂಡೇಶ್ವರಿಯಲ್ಲೇ ಇದ್ದಿದ್ದರೆ ಆ ಅಂತರ ಅಷ್ಟು ದೊಡ್ಡದಾಗುತ್ತಿತ್ತೇ? ಆ ಸಲ ಅವರನ್ನು ವಿಧಾನಸಭೆಗೆ ಕಳಿಸಿದ್ದು ದೂರದ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಅದೂ ಬಿ. ಶ್ರೀರಾಮುಲು ಎದುರು 1,696 ಮತಗಳ ಅಂತರದಿಂದ.

ಒಂದು ಕ್ಷೇತ್ರದ ಶಾಸಕರ ಪಟ್ಟಿಯನ್ನು ಮುಂದಿಟ್ಟುಕೊಂಡು ‘ಈ ಕ್ಷೇತ್ರ ಯಾವಾಗಲೂ ಇಂಥ ಪಕ್ಷದ್ದು, ಇಂಥ ಸಮುದಾಯದ್ದು’ ಎಂದು ಬರೆಯುವ ಚುನಾವಣಾ ವಿಶ್ಲೇಷಣೆಗಳನ್ನು ಎಚ್ಚರದಿಂದ ಓದಬೇಕು ಎನ್ನುವುದು ಇದಕ್ಕೇ. 2008ರ ಈಚೆ ಆಚೆ ಎಂದು ಒಂದು ಗೀಟು ಹಾಕದ ಹೊರತು ಕರ್ನಾಟಕದ ಎಷ್ಟೋ ಕ್ಷೇತ್ರಗಳ ಚರಿತ್ರೆಗೆ ಅರ್ಥವಿಲ್ಲ.

ಇನ್ನು ಮುಂದಿನ ಮಾತು. 2011ರ ಜನಗಣತಿಯಲ್ಲೇ ರಾಜ್ಯದ ಜನಸಂಖ್ಯೆ 6.11 ಕೋಟಿ ದಾಟಿ, ಕ್ಷೇತ್ರವೊಂದರ ಸರಾಸರಿ 2.73 ಲಕ್ಷಕ್ಕೆ ಏರಿತ್ತು. ಈಗ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಮಲೆನಾಡಿನ ಶೃಂಗೇರಿಯಲ್ಲಿ ಎರಡು ಲಕ್ಷವೂ ಇಲ್ಲ. ಅಂದರೆ ಬೆಂಗಳೂರು ದಕ್ಷಿಣದ ಮೂವರ ಮತ ಶೃಂಗೇರಿಯ ಒಬ್ಬರ ಮತಕ್ಕೆ ಸಮ. ಇದು ಸರಿಯಲ್ಲ ಎಂದು ನಗರದವರು ಹೇಳುತ್ತಾರೆ. ಅವರ ವಾದದಲ್ಲಿ ನ್ಯಾಯವಿದೆ. ಆದರೆ ಬರೀ ತಲೆ ಎಣಿಸಿ ಗೆರೆ ಎಳೆದರೆ, ಘಟ್ಟದ ಊರಿನ ಶಾಸಕ ಈಗಿನ ಎರಡರಷ್ಟು ವಿಸ್ತಾರದ ಕಾಡು, ಹೊಳೆ, ಕಣಿವೆ ಸುತ್ತಬೇಕಾಗುತ್ತದೆ. ದಕ್ಷಿಣದ ರಾಜ್ಯಗಳು ದೆಹಲಿಯ ಎದುರು ಮಂಡಿಸುತ್ತಿರುವ ವಾದವೇ ಇದು: ಜನಸಂಖ್ಯೆ ಒಂದೇ ಅಳತೆಗೋಲಾಗಬಾರದು. ಆ ವಾದವನ್ನು ದೆಹಲಿಯಲ್ಲಿ ಮಂಡಿಸುವ ಕರ್ನಾಟಕ, ತನ್ನೊಳಗಿನ ಮಲೆನಾಡು, ಗಡಿಜಿಲ್ಲೆಗಳ ವಿಷಯದಲ್ಲೂ ಅದನ್ನೇ ಒಪ್ಪಬೇಕಾಗುತ್ತದೆ. ಈ ಬಗ್ಗೆ ರಾಜ್ಯದ ಮೂರೂ ಪಕ್ಷಗಳಲ್ಲಿ ಗಂಭೀರ ಚರ್ಚೆ ಕಾಣದಿರುವುದು ನನಗೆ ಆತಂಕ ತಂದಿದೆ.

ಚಾಮುಂಡೇಶ್ವರಿಯಂತೂ ಮತ್ತೆ ಕತ್ತರಿಗೆ ಸಿಗುವುದು ಬಹುತೇಕ ಖಚಿತ. ಮೈಸೂರು ಜಿಲ್ಲೆಯಲ್ಲೇ ಅತಿ ಹೆಚ್ಚು ಮತದಾರರಿರುವ ಕ್ಷೇತ್ರ ಅದು. ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ ಪಟ್ಟಣ ಪಂಚಾಯಿತಿಗಳಾದವು. ಇವು ನಗರದ ಕ್ಷೇತ್ರಗಳಿಗೆ ಸೇರಿದರೆ ಚಾಮುಂಡೇಶ್ವರಿ ಮತ್ತೆ ಹಳ್ಳಿಗಳ ಕ್ಷೇತ್ರವಾಗುತ್ತದೆ. ಇವೇ ಒಂದು ಹೊಸ ಕ್ಷೇತ್ರವಾದರೆ ಜಯಪುರ, ಇಲವಾಲದ ಹಳ್ಳಿಗಳು ಎಲ್ಲಿಗೆ? ವರುಣಾದ ಕಡೆಗೋ, ಹುಣಸೂರಿನ ಕಡೆಗೋ, ಹೆಗ್ಗಡದೇವನಕೋಟೆಯ ಕಡೆಗೋ? ಮೈಸೂರಿಗೆ ಒಂದು ಸ್ಥಾನ ಹೆಚ್ಚು ಸಿಗುತ್ತದೆಯೇ, ಬೆಂಗಳೂರಿಗಾಗಿ ಒಂದು ಕಳೆದುಹೋಗುತ್ತದೆಯೇ ಎಂಬುದರ ಮೇಲೆ ಇದೆಲ್ಲ ನಿಂತಿದೆ.

ಇದರ ಜೊತೆಗೆ ಇನ್ನೊಂದು ದೊಡ್ಡ ಬದಲಾವಣೆ ಕಾದಿದೆ. 2023ರ 106ನೇ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಆದರೆ ಅದನ್ನು ಜನಗಣತಿ ಮತ್ತು ಮರುವಿಂಗಡಣೆಗೆ ಕಟ್ಟಿತು. ಸ್ಥಾನಗಳ ಸಂಖ್ಯೆ 224 ಆಗಿಯೇ ಉಳಿದರೂ ಅಂದಾಜು 75 ಕ್ಷೇತ್ರಗಳು ಮಹಿಳೆಯರಿಗೆ ಬರುತ್ತವೆ. 1983ರಿಂದ 2023ರವರೆಗೆ ಚಾಮುಂಡೇಶ್ವರಿ ಮತ್ತು ವರುಣಾ ಎರಡೂ ಸೇರಿ ವಿಧಾನಸಭೆಗೆ ಕಳಿಸಿದ್ದು ಆರೇ ಜನರನ್ನು: ಸಿದ್ದರಾಮಯ್ಯ, ರಾಜಶೇಖರಮೂರ್ತಿ, ಗುರುಸ್ವಾಮಿ, ಸತ್ಯನಾರಾಯಣ, ಜಿ.ಟಿ. ದೇವೇಗೌಡ, ಯತೀಂದ್ರ. ನಲವತ್ತು ವರ್ಷಗಳಲ್ಲಿ ಒಬ್ಬ ಮಹಿಳೆಯೂ ಇಲ್ಲ. ಇದು ಮೈಸೂರಿನ ಈ ಎರಡು ಕ್ಷೇತ್ರಗಳ ದೋಷ ಮಾತ್ರವಲ್ಲ. ಪಕ್ಷಗಳು ತಾವಾಗಿಯೇ ಟಿಕೆಟ್ ಕೊಡುವುದಿಲ್ಲ ಎಂಬುದಕ್ಕೆ ಇಂಥ ಪಟ್ಟಿಗಳು ರಾಜ್ಯದ ಉದ್ದಗಲಕ್ಕೂ ಸಿಗುತ್ತವೆ.

ಹಾಗಾದರೆ ಮತದಾರರ ಕೈಯಲ್ಲಿ ಏನಿದೆ? ಹಿಂದಿನ ಕಾಯ್ದೆಯ ಮಾದರಿಯನ್ನೇ ಮುಂದೆಯೂ ಅನುಸರಿಸಿದರೆ, ಆಯೋಗಕ್ಕೆ ಪ್ರತಿ ರಾಜ್ಯದಿಂದ ಐವರು ಸಂಸದರು ಮತ್ತು ಐವರು ಶಾಸಕರು ಸಹಸದಸ್ಯರಾಗಿರುತ್ತಾರೆ. ಅವರಿಗೆ ಮತದಾನದ ಹಕ್ಕಿಲ್ಲ, ಆದೇಶಕ್ಕೆ ಸಹಿ ಹಾಕುವ ಹಕ್ಕೂ ಇಲ್ಲ; ಭಿನ್ನಮತವಿದ್ದರೆ ಅದನ್ನು ಕರಡಿನ ಜೊತೆ ಪ್ರಕಟಿಸಬೇಕು. ಆಯೋಗ ಕರಡನ್ನು ಹೊರಡಿಸಿ, ಆಕ್ಷೇಪಣೆ ಸಲ್ಲಿಸಲು ದಿನ ಗೊತ್ತುಮಾಡಿ, ಬಹಿರಂಗ ಸಭೆಗಳನ್ನು ನಡೆಸಬೇಕು. ಅಂತಿಮ ಆದೇಶಕ್ಕೆ ಕಾನೂನಿನ ಬಲವಿದ್ದು, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. 1966ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿತ್ತು. ಆದರೆ 2024ರಲ್ಲಿ ಗುಜರಾತಿನ ಬಾರ್ಡೋಲಿ ಕ್ಷೇತ್ರದ ಮೀಸಲಾತಿಗೆ ಸಂಬಂಧಿಸಿದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆದೇಶ ಸ್ಪಷ್ಟವಾಗಿ ಮನಸೋಇಚ್ಛೆಯದಾಗಿದ್ದು ಸಂವಿಧಾನದ ಮೌಲ್ಯಗಳಿಗೆ ಒಗ್ಗದಿದ್ದರೆ ಪರಿಶೀಲಿಸಲು ಅಡ್ಡಿಯಿಲ್ಲ ಎಂದು ಹೇಳಿತು. ಬಾಗಿಲು ತೆರೆದದ್ದು ಸಣ್ಣ ಸಂದಿಯಷ್ಟು ಮಾತ್ರ. ಸಾಮಾನ್ಯ ಮತದಾರರಿಗೆ ನಿಜವಾದ ಅವಕಾಶ ಇರುವುದು ಕರಡು ಪ್ರಕಟವಾದ ದಿನದಿಂದ ಬಹಿರಂಗ ಸಭೆಯವರೆಗಿನ ಆ ಕೆಲವು ವಾರಗಳಲ್ಲಿ.

ಆ ಕರಡಿನಲ್ಲಿ ನೋಡಬೇಕಾದದ್ದು ಕ್ಷೇತ್ರದ ಹೆಸರನ್ನಲ್ಲ. ಹೆಸರು ಉಳಿದು ಊರು ಬದಲಾದದ್ದನ್ನು ಚಾಮುಂಡೇಶ್ವರಿಯಲ್ಲಿ ನೋಡಿಯಾಗಿದೆ. ಕ್ಷೇತ್ರದ ಹೆಸರಿನ ಎದುರು ಯಾವ ತಾಲ್ಲೂಕು, ಯಾವ ಹೋಬಳಿ, ಯಾವ ಕಂದಾಯ ವೃತ್ತ ಎಂಬ ವಿವರ ಇರುತ್ತದೆ. ಗ್ರಾಮ ಪಂಚಾಯಿತಿಗಳು ಅದನ್ನು ಸೂಚನಾ ಫಲಕದಲ್ಲಿ ಹಾಕಿ, ಗ್ರಾಮಸಭೆ ಕರೆದು, ಹೋಬಳಿಯನ್ನು ಒಡೆಯುವುದಕ್ಕೆ ಒಪ್ಪಿಗೆ ಇದೆಯೇ ಇಲ್ಲವೇ ಎಂದು ನಿರ್ಣಯ ಮಾಡಿ ಕಳಿಸಬಹುದು. ಶಾಲೆ, ಆಸ್ಪತ್ರೆ, ಸಂತೆ, ಬಸ್ ಎಲ್ಲಕ್ಕೂ ಜನ ಯಾವ ಪಟ್ಟಣಕ್ಕೆ ಹೋಗುತ್ತಾರೆ ಎಂಬ ವಿವರ ಕೊಟ್ಟರೆ ‘ಸಾರ್ವಜನಿಕ ಅನುಕೂಲ’ ಎಂಬ ಕಾಯ್ದೆಯ ಮಾತಿಗೆ ಆಧಾರ ಸಿಗುತ್ತದೆ. ಪಕ್ಷಗಳ ಕಚೇರಿಗಳು ಆ ಪುಟಗಳನ್ನು ಜಾತಿ ಲೆಕ್ಕದ ಕಣ್ಣಿನಿಂದ ಮೊದಲ ದಿನವೇ ಓದಿ ಮುಗಿಸಿರುತ್ತವೆ. ಜಯಪುರದ ಅಥವಾ ವರುಣಾದ ಹಳ್ಳಿಯೊಂದು ತನ್ನ ತಕರಾರನ್ನು ಹೇಳಬೇಕಾದರೆ ಅದೇ ವೇಗದಲ್ಲಿ ಓದಬೇಕು, ಆಕ್ಷೇಪಣೆಯ ಕೊನೆಯ ದಿನಕ್ಕೆ ಮೊದಲು ಬರಹದಲ್ಲಿ ಕೊಡಬೇಕು, ಬಹಿರಂಗ ಸಭೆಗೆ ಹೋಗಿ ಎದ್ದು ನಿಂತು ಮಾತನಾಡಬೇಕು.